ಗಾದಿಗಳ ನಡುವೆ ಕುಲಸುಮಬಿಯ ದನಿ

ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ಈ ನಾಲ್ಕೂ ಕಡೆ ಕುಲಸುಮಬಿಯ ದನಿ ಕೇಳದವರು ಕಡಿಮೆ. ಮುಖ ಗೊತ್ತಿರುವವರು ಮಾತ್ರ ಸವಣೂರಿನ ಅವಳ ಓಣಿಯವರು ಮತ್ತು ಗಾದಿ ಹೊಲಿಸಲು ಬರುವವರು, ಅಷ್ಟೇ. ನೆತ್ತಿಯ ಮೇಲೆ ಸ್ಪೀಕರು ಹೊತ್ತು ಊರೂರು ತಿರುಗುವ ಪ್ರಚಾರದ ಆಟೊಗಳಿವೆಯಲ್ಲ, ಅವುಗಳಲ್ಲಿ ಬರುವ ಹೆಣ್ಣುದನಿ ಇವಳದು. ಸೀರೆ ಅಂಗಡಿಯ ರಿಯಾಯಿತಿ ಇರಲಿ, ಮಕ್ಕಳಿಗೆ ಪೋಲಿಯೊ ಹನಿ ಹಾಕಿಸುವುದಿರಲಿ, ನಾಳೆ ನಳಕ್ಕೆ ನೀರು ಬರುವುದಿಲ್ಲ ಎಂಬ ಕೆಟ್ಟ ಸುದ್ದಿಯೇ ಇರಲಿ, ಇವಳು ಹೇಳಿದರೆ ಜನ ಒಂದು ಗಳಿಗೆ ನಿಂತು ಕೇಳುತ್ತಾರೆ. ಒಮ್ಮೆ ಪೇಟೆಯಲ್ಲಿ ವೀಳ್ಯದೆಲೆಯವನ ಜತೆ ಕುಲಸುಮಬಿ ಚೌಕಾಸಿಗೆ ನಿಂತಿದ್ದಾಗ ಅವಳದೇ ದನಿಯ ಆಟೊ ಬಂತು. ಎಲೆಯವನು ಕೈಯೆತ್ತಿ, ಆ ಹೆಣ್ಮಗಳು ಏನೋ ಹೇಳುತ್ತಿದ್ದಾಳೆ, ಮೊದಲು ಅದನ್ನು ಕೇಳೋಣ ತಡೆಯಿರಿ ಎಂದು ಇವಳ ಬಾಯಿ ಮುಚ್ಚಿಸಿದ. ಕುಲಸುಮಬಿ ಸೆರಗನ್ನು ಬಾಯಿಗೆ ಹಿಡಿದು ನಗು ತಡೆದುಕೊಂಡು ತನ್ನ ಮಾತನ್ನು ತಾನೇ ಪೂರ್ತಿ ಕೇಳಿದಳು. ಎಲೆಯ ಬೆಲೆ ಮಾತ್ರ ಇಳಿಯಲಿಲ್ಲ.

ದನಿಯ ಸಹವಾಸ ಅವಳಿಗೆ ತವರಿನಿಂದಲೇ ಬಂದದ್ದು. ಅಪ್ಪ ದಾದಾಪೀರ ಬಂಕಾಪುರದಲ್ಲಿ ಮೈಕ್‌ಸೆಟ್ ಇಟ್ಟವನು. ಮದುವೆ, ಉರುಸು, ಭಾಷಣ, ಯಾವುದಕ್ಕೂ ಅವನ ಹಾರ್ನುಗಳೇ ಆಗಬೇಕು. ಗಂಡುಮಕ್ಕಳಿಲ್ಲದ ಅವನಿಗೆ ವೈರು ಸುತ್ತಿಕೊಡಲು, ಏಣಿ ಹಿಡಿಯಲು ಕುಲಸುಮಬಿಯೇ ಬಲಗೈ. ಅವನದು ಒಂದೇ ಕಟ್ಟಳೆ. ಎಲ್ಲ ವೈರು ಮೊದಲು ಜೋಡಿಸಬೇಕು, ಒಂದೊಂದನ್ನೂ ಮುಟ್ಟಿ ನೋಡಬೇಕು, ಕರೆಂಟಿನ ಮೇನು ಗುಂಡಿ ಕಟ್ಟಕಡೆಗೆ ಹಾಕಬೇಕು. ಬಿಚ್ಚುವಾಗ ಮೇನು ಮೊದಲು ತೆಗೆಯಬೇಕು. ಕರೆಂಟು ಹರಿಯುವಾಗ ವೈರು ಚುಚ್ಚಿದರೆ ಹಾರ್ನು ಧಡ್ಡೆಂದು ಒಳಗಿನ ಪೊರೆ ಹರಿದುಕೊಳ್ಳುತ್ತದೆ, ಹಾರ್ನು ಹೋದರೆ ಹೋಗಲಿ, ಕೈ ಸುಟ್ಟೀತು ಎಂದು ಅವನು ಹೇಳುತ್ತಿದ್ದ. ಮಗಳು ಒಮ್ಮೆ ಆತುರಪಟ್ಟು ಮೇನು ಮೊದಲು ಹಾಕಿದ್ದಕ್ಕೆ ಮದುವೆಮನೆಯ ಅಷ್ಟೂ ಮಂದಿಯ ಎದುರು ಬೈದಿದ್ದ. ಅಂದಿನಿಂದ ಮನೆಯ ಮಿಕ್ಸಿ ಹಚ್ಚುವುದಿದ್ದರೂ ಕುಲಸುಮಬಿ ಜಾರು ಕೂಡಿಸಿ, ಮುಚ್ಚಳ ಮುಚ್ಚಿ, ಆಮೇಲೆಯೇ ಗೋಡೆಯ ಗುಂಡಿ ಒತ್ತುವವಳು. ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಯಿತು. ಕಟ್ಟಳೆ ಇವಳ ಕೈಯಲ್ಲಿ ಹಾಗೇ ಉಳಿದಿದೆ.

ಮದುವೆಯಾಗಿ ಬಂದದ್ದು ಸವಣೂರಿನ ಪಿಂಜಾರರ ಮನೆಗೆ. ಗಂಡ ಮಲ್ಲಿಕಸಾಬ ಮುಂಚೆ ಬಿಲ್ಲು ಹಿಡಿದು ಅರಳೆ ಹಿಂಜುತ್ತಿದ್ದ, ಈಗ ಅದಕ್ಕೆ ಮಷಿನ್ ಇದೆ. ಮುಂದಿನ ಕೋಣೆಯಲ್ಲಿ ಮಷಿನ್, ನಡುವೆ ಮನೆ, ಹಿಂದಿನ ಕೋಣೆಯಲ್ಲಿ ಹೊಲಿದಿಟ್ಟ ಗಾದಿ, ತಲೆದಿಂಬು. ಮಲ್ಲಿಕಸಾಬ ಮಾತಿಗೆ ಜಿಪುಣ, ನಗೆಗೆ ಧಾರಾಳಿ. ಗಿರಾಕಿಗಳ ಜತೆ ಮಾತಾಡುವುದನ್ನು ಹೆಂಡತಿಗೇ ಬಿಟ್ಟಿದ್ದ. ಶಿಗ್ಗಾಂವಿಯಲ್ಲಿ ಬ್ಯಾನರ್ ಅಂಗಡಿ ಮತ್ತು ಪ್ರಚಾರದ ಆಟೊ ಇಟ್ಟಿರುವ ಪ್ರಶಾಂತ ಒಮ್ಮೆ ಗಾದಿ ಹೊಲಿಸಲು ಬಂದವನು ಇವಳ ಮಾತಿಗೆ ಕೂತುಬಿಟ್ಟ. ಹಳೇ ಅರಳೆ ಯಾಕೆ ಗಂಟು ಕಟ್ಟುತ್ತದೆ, ಬಾಣಂತಿಗೆ ಎಂಥ ಗಾದಿ ಬೇಕು, ಮುದುಕರಿಗೆ ಎಂಥದ್ದು ಎಂದು ಅವಳು ಹೇಳುತ್ತಿದ್ದರೆ, ಅವನು ಒಂದು ಗಾದಿಗೆ ಬಂದು ಎರಡು ಹೇಳಿ ಹೋದ. ಮರುವಾರ ಮತ್ತೆ ಬಂದು ತನ್ನ ಆಟೊಗೆ ಮಾತಾಡುತ್ತೀರಾ ಎಂದು ಕೇಳಿದ. ಆ ವ್ಯವಹಾರ ಇಂದಿಗೂ ನಡೆದಿದೆ.

ಅವಳ ಸ್ಟುಡಿಯೊ ಎಂದರೆ ಆ ಹಿಂದಿನ ಕೋಣೆ. ಸುತ್ತ ಸೂರಿನವರೆಗೆ ಗಾದಿ ಒಟ್ಟಿದ್ದರಿಂದ ಓಣಿಯ ಕೋಳಿ, ಬೈಕು, ಜಗಳ ಒಂದೂ ಒಳಗೆ ಬಾರದು. ಮಾತಾಡಿದ್ದು ಗೋಡೆಗೆ ಬಡಿದು ತಿರುಗಿ ಬರುವುದೂ ಇಲ್ಲ. ದೊಡ್ಡ ಪಟ್ಟಣದವರು ರೊಕ್ಕ ಸುರಿದು ಕಟ್ಟಿಸಿಕೊಳ್ಳುವಂಥದ್ದು ಇವಳಿಗೆ ಗಂಡನ ಕಸುಬಿನಿಂದ ಪುಕ್ಕಟೆ ಸಿಕ್ಕಿತ್ತು. ಅಲ್ಲಿ ಕೂತು ಅವಳು ಫೋನಿನಲ್ಲೇ ಮಾತು ತುಂಬಿ ಕಳಿಸುತ್ತಿದ್ದಳು. ಮಾತಾಡುವಷ್ಟು ಹೊತ್ತು ಮಲ್ಲಿಕಸಾಬ ಮುಂದಿನ ಮಷಿನ್ ಬಂದ್ ಮಾಡಿ ಬೀಡಿ ಸೇದುತ್ತಿದ್ದ.

ಈ ವರ್ಷ ಪ್ರಶಾಂತ ಆಟೊಗಳಿಗೆ ಹೊಸ ಸ್ಪೀಕರು ಹಾಕಿಸಿದ. ಅವುಗಳಲ್ಲಿ ಫೋನಿನ ದನಿ ಕೊಡದೊಳಗಿಂದ ಮಾತಾಡಿದಂತೆ ಬರುತ್ತಿತ್ತು. ಅದಕ್ಕೇ ಅಕ್ಕನ ಮಗಳು ಸಾಯಿಮಾ ಒಂದು ಹಳೇ ಕಂಪ್ಯೂಟರು ತಂದು ಕೂಡಿಸಿದಳು. ಅವಳು ಹಾನಗಲ್ಲಿನಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದಾಳೆ. ಈ ಮುದಿ ಯಂತ್ರಕ್ಕೆ ವಿಂಡೋಸ್ ಭಾರವಾಗುತ್ತದೆ, ಲಿನಕ್ಸ್ ಹಗುರ, ದುಡ್ಡೂ ಕೊಡಬೇಕಿಲ್ಲ ಎಂದು ಲಿನಕ್ಸ್ ಹಾಕಿದ್ದಳು. ಯಂತ್ರದ ಸ್ವಂತ ಮೈಕಿನ ತೂತು ಕೆಟ್ಟಿದ್ದರಿಂದ ಬೆರಳುದ್ದದ ಒಂದು ಯುಎಸ್‌ಬಿ ಸೌಂಡ್ ಕಾರ್ಡು ಕೊಟ್ಟಿದ್ದಳು. ಅದನ್ನು ಯಂತ್ರಕ್ಕೆ ಚುಚ್ಚಿ, ಮೈಕಿನ ವೈರನ್ನು ಅದಕ್ಕೆ ಚುಚ್ಚಬೇಕು. ಪರದೆಯ ಮೇಲೆ ‘ದನಿ’ ಎಂದು ಬರೆದ ಚಿತ್ರವನ್ನು ಒತ್ತಿದರೆ ಸಾಕು, ರೆಕಾರ್ಡಾಗುತ್ತದೆ, ಮಾತಾಡಿದಂತೆ ಹಸಿರು ಗೆರೆ ಏರಿಳಿಯುತ್ತದೆ. ಸಾಯಿಮಾ ಹಚ್ಚಿ ತೋರಿಸಿದ ದಿನ ಅದು ಚಂದವಾಗಿ ಏರಿಳಿಯಿತು. ಆಮೇಲೊಮ್ಮೆ ಪ್ರಶಾಂತ ಬಂದು ಹಚ್ಚಿದಾಗಲೂ ಏರಿಳಿಯಿತು. ಕುಲಸುಮಬಿ ತಾನೇ ಹಚ್ಚಿದರೆ ಮಾತ್ರ ಗೆರೆ ಅಲುಗಾಡದೆ ಮಲಗಿರುತ್ತಿತ್ತು. ಅವಳು ಹಲವು ಸಲ ನೋಡಿ, ಸಾಕಾಗಿ, ಮತ್ತೆ ಫೋನಿನಲ್ಲೇ ಮಾತಾಡಿ ಕಳಿಸಿದಳು. ಪ್ರಶಾಂತ ಹಲ್ಲು ಕಚ್ಚಿಕೊಂಡು ಅದನ್ನೇ ಹಾಕಿಸಿದ. ಗಂಡ ಇದಕ್ಕೆಲ್ಲ ಕೈಗುಣ ಬೇಕು ಎಂದು ತಮಾಷೆ ಮಾಡಿದ. ಮೊದಮೊದಲು ಅವಳೂ ನಕ್ಕಳು, ಬರಬರುತ್ತ ಆ ಮಾತು ಒಳಗೆ ಚುಚ್ಚತೊಡಗಿತು. ಅಪ್ಪನ ಅಷ್ಟು ದೊಡ್ಡ ಆಂಪ್ಲಿಫಯರು ಪಳಗಿಸಿದ ಕೈ ಇದು, ಒಂದು ಬೆರಳುದ್ದದ ಪ್ಲಾಸ್ಟಿಕ್ಕಿಗೆ ಬೇಡವಾಯಿತೇ ಎನಿಸುತ್ತಿತ್ತು.

ಹೀಗಿರುವಾಗ ಒಂದು ಮುಂಜಾನೆ ಪ್ರಶಾಂತನ ಫೋನು ಬಂತು. ರಟ್ಟೀಹಳ್ಳಿಯ ಒಂದು ತರುಣ ಮಂಡಳಿಯವರು ಶನಿವಾರ ಮುದುಕರಿಗಾಗಿ ಕಣ್ಣಿನ ಶಿಬಿರ ಇಟ್ಟಿದ್ದರು. ಪೊರೆ ಬಂದವರಿಗೆ ಪುಕ್ಕಟೆ ಆಪರೇಶನ್ನು. ಮಧ್ಯಾಹ್ನ ಆಟೊಗಳು ಹೊರಡಬೇಕು. ಒಂದು ಹಂಸಭಾವಿ, ಮಾಸೂರು ಕಡೆಗೆ, ಒಂದು ಹಾನಗಲ್ಲಿಗೆ, ಒಂದು ಸವಣೂರಿಗೆ. ಸಾರಬೇಕಾದ ವಿವರವನ್ನು ಅವನು ಆಗಲೇ ಕಳಿಸಿದ್ದ. ಅದರ ಬೆನ್ನಿಗೆ ಇನ್ನೊಂದನ್ನೂ ಕಳಿಸಿದ್ದ. ಫೋನಿನೊಳಗಿನ ಯಂತ್ರವೇ ಮಾತಾಡಿದ ಒಂದು ತುಣುಕು. ‘ಆತ್ಮೀಯ ಬಂಧುಗಳೇ’ ಎಂದು ಶುರುವಾಗಿ ಎಲ್ಲೂ ತಡವರಿಸದೆ, ಎಲ್ಲೂ ಉಸಿರು ತೆಗೆದುಕೊಳ್ಳದೆ ಅದು ಇಡೀ ಸುದ್ದಿ ಹೇಳಿ ಮುಗಿಸಿತು.

“ಅಕ್ಕಾರ, ನಿಮ್ಮ ದನಿ ಬ್ಯಾಡ ಅನ್ನೂದಲ್ರಿ,” ಅಂದ ಪ್ರಶಾಂತ. “ಮಂಡಳಿಯವರಿಗೆ ಈ ಫೋನಿನ ರೆಕಾರ್ಡಿಂಗ್ ಹಿಡಸವಲ್ದು. ಮಧ್ಯಾಹ್ನದೊಳಗ ಆ ಕಂಪ್ಯೂಟರಿನಾಗ ಮಾಡಿ ಕಳಿಸ್ರಿ. ಇಲ್ಲಂದ್ರ ಈ ಸಲ ಇದನ್ನ ಹಾಕಿಬಿಡ್ತೇನಿ.”

ಈ ಸಲ ಎನ್ನುವುದರ ಅರ್ಥ ಕುಲಸುಮಬಿಗೆ ತಿಳಿಯದ್ದೇನಲ್ಲ. ಒಮ್ಮೆ ಯಂತ್ರದ ದನಿ ಆಟೊ ಏರಿದರೆ ಇಳಿಯುವುದಿಲ್ಲ. ಅದಕ್ಕೆ ನೆಗಡಿ ಇಲ್ಲ, ಹಬ್ಬ ಇಲ್ಲ, ಮನೆಗೆ ಬೀಗರು ಬರುವುದಿಲ್ಲ. ಬರುವ ನಾಲ್ಕು ಕಾಸು ತಪ್ಪುತ್ತದೆಂಬ ಚಿಂತೆ ಅವಳಿಗೆ ಅಷ್ಟಾಗಿ ಇರಲಿಲ್ಲ, ಗಾದಿ ಅಂಗಡಿ ಉಣ್ಣಲು ತಿನ್ನಲು ಸಾಲುತ್ತಿತ್ತು. ಆದರೆ ಅವಳ ಮಾತನ್ನು ಯಾರಾದರೂ ನಿಂತು ಕೇಳುವ ಜಾಗವೆಂದರೆ ಅದೊಂದೇ. ಮನೆಯಲ್ಲಿ ಮಷಿನ್ನಿನ ಸದ್ದಿಗೆ ಗಂಡನ ಕಿವಿ ಅರ್ಧ ಮಂದ. ಅತ್ತೆ ಜನ್ನತಬಿಯ ಕಿವಿ ಬಲು ಚುರುಕು, ಆದರೆ ಸೊಸೆಯ ಮಾತು ಅದರೊಳಗೆ ಹೊಕ್ಕಂತೆ ತೋರಿಸಿಕೊಳ್ಳುತ್ತಿರಲಿಲ್ಲ. ಆ ದನಿಯೂ ಹೋದರೆ ತಾನು ಬರೀ ಗಾದಿಗೆ ಹೊಲಿಗೆ ಹಾಕುವವಳಾಗಿ ಉಳಿಯುತ್ತೇನೆಂದು ಅವಳಿಗೆ ನಿಜಕ್ಕೂ ಭಯವಾಯಿತು.

ಜನ್ನತಬಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಿಂದೆ ಹಾವೇರಿಯಲ್ಲಿ, ಹಾನಗಲ್ಲಿನಲ್ಲಿ ಇಂಥವೇ ಶಿಬಿರಗಳಾದಾಗ ಸೊಸೆ ಹೋಗಿ ಬನ್ನಿ ಎಂದು ಬೇಡಿಕೊಂಡಿದ್ದಳು. ಮುದುಕಿ ಒಮ್ಮೆ ಬಿಸಿಲು ಅಂದಳು, ಒಮ್ಮೆ ಮಳೆ ಅಂದಳು, ಇನ್ನೊಮ್ಮೆ ನೋಡುವುದೆಲ್ಲ ನೋಡಿ ಆಗಿದೆ, ಇನ್ನೇನು ನೋಡಲಿ ಎಂದು ದೊಡ್ಡ ಮಾತು ಎತ್ತಿದಳು. ಮಲ್ಲಿಕಸಾಬ ಅವ್ವನ ಇಷ್ಟ ಎಂದು ಸುಮ್ಮನಾದ. ಹಿಂದಿನ ಕೋಣೆಯ ಬಾಗಿಲಲ್ಲಿ ಕೂತು, ಕೈಯ ಅಂದಾಜಿನಲ್ಲೇ ಅರಳೆಯೊಳಗಿನ ಕಸ ಆರಿಸುವುದು ಜನ್ನತಬಿಯ ದಿನದ ಕೆಲಸ. ಅಂದೂ ಅಲ್ಲಿಯೇ ಕೂತಿದ್ದಳು.

ಕುಲಸುಮಬಿ ಕೈ ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ಬಿಸ್ಮಿಲ್ಲಾ ಅಂದು ಕೆಲಸಕ್ಕೆ ತೊಡಗಿದಳು. ಕಾರ್ಡನ್ನು ಯಂತ್ರಕ್ಕೆ ಚುಚ್ಚಿದಳು. ಮೈಕನ್ನು ಕಾರ್ಡಿಗೆ ಚುಚ್ಚಿದಳು. ಪರದೆಯ ವೈರು, ಕೀಲಿಮಣೆಯ ವೈರು ಎಲ್ಲ ಮುಟ್ಟಿ ನೋಡಿ ಕೊನೆಗೆ ಮೇನು ಒತ್ತಿದಳು. ಯಂತ್ರ ಟುಂಯ್ ಅಂತು. ಪರದೆ ಬಂದ ಮೇಲೆ ‘ದನಿ’ ಒತ್ತಿ ಹಲೋ ಅಂದಳು. ಸೆಕೆಂಡುಗಳು ಓಡುತ್ತಿದ್ದವು, ಗೆರೆ ಮಾತ್ರ ಹಾಸಿಗೆ ಹಿಡಿದಿತ್ತು.

ಮಲ್ಲಿಕಸಾಬ ಬಂದು ನೋಡಿದ. ಪಿಂಜಾರನ ಮನೆಯಲ್ಲಿ ಏನು ಕೆಟ್ಟರೂ ಮೊದಲ ಗುಮಾನಿ ಅರಳೆಯ ಮೇಲೆ. ಫ್ಯಾನು ನಿಂತರೆ ಅರಳೆ, ಗಡಿಯಾರ ನಿಂತರೆ ಅರಳೆ, ಅನ್ನ ಹಳಸಿದರೂ ಅರಳೆಯೇ ಎನ್ನುವ ಪೈಕಿ ಅವನು. ಕಾರ್ಡಿನ ತೂತಿನೊಳಗೆ ಅರಳೆ ಹೊಕ್ಕಿದೆ ಎಂದು ಗಾದಿ ಹೊಲಿಯುವ ದಬ್ಬಣ ಎತ್ತಿಕೊಂಡೇ ಬಂದ. ಕುಲಸುಮಬಿ ಹೌಹಾರಿ ಅವನ ಕೈಯಿಂದ ದಬ್ಬಣ ಕಸಿದು, ತಾನೇ ಮೆತ್ತಗೆ ಊದಿದಳು. ಒಂದು ಎಳೆ ಅರಳೆ ಹೊರಬಂತು. ಗಂಡ ಗೆದ್ದವನಂತೆ ಮೀಸೆ ಸವರಿದ. ಮೇನು ತೆಗೆದು ಎಲ್ಲ ಬಿಚ್ಚಿ, ಮತ್ತೆ ಎಲ್ಲ ಜೋಡಿಸಿ ಮೇನು ಹಾಕಿದರು. ಗೆರೆ ಏಳಲಿಲ್ಲ. ಮಲ್ಲಿಕಸಾಬ ಮೀಸೆ ಬಿಟ್ಟು ಮಷಿನ್ನಿನ ಕಡೆ ನಡೆದ.

ಆಗ ಹಾನಗಲ್ಲಿಗೆ ಫೋನು ಹಚ್ಚಿದಳು. ಸಾಯಿಮಾಗೆ ಪಾಠವಿತ್ತು, ಆದರೂ ಹೊರಗೆ ಬಂದು ಮಾತಾಡಿದಳು. ಮೊದಲು ಮೈಕಿನ ಬಾಯಿ ಯಂತ್ರದ ಒಳಗೆ ಎಲ್ಲಾದರೂ ಮುಚ್ಚಿದೆಯೋ ನೋಡಿಸಿದಳು. ದನಿಯ ಪಟ್ಟಿಗಳು ಉದ್ದುದ್ದ ಕಂಬಗಳಾಗಿ ಪರದೆಯಲ್ಲಿ ಬಂದವು. ಕಂಬದ ಬುಡದಲ್ಲಿ ಎಮ್ ಅಕ್ಷರ ಎರಡು ಸಲ ಬಂದಿದ್ದರೆ ಬಾಯಿ ಮುಚ್ಚಿದಂತೆ ಅಂದಳು. ಹಾಗೇನೂ ಇರಲಿಲ್ಲ, ಬಾಯಿ ತೆರೆದೇ ಇತ್ತು, ಕಂಬವೂ ಎತ್ತರಕ್ಕೇ ಇತ್ತು. ಕಾರ್ಡು ಕಿತ್ತು ಮತ್ತೆ ಚುಚ್ಚಿರಿ ಅಂದಳು. ಕರೆಂಟು ಇರುವಾಗ ವೈರು ಕೀಳಲು ಕುಲಸುಮಬಿಯ ಕೈ ಹಿಂದೆ ಸರಿಯಿತು. ಆದರೂ ಕಣ್ಣು ಮುಚ್ಚಿ ಕಿತ್ತು ಚುಚ್ಚಿದಳು. ಏನೂ ಆಗಲಿಲ್ಲ. ಯಂತ್ರ ಬಂದ್ ಮಾಡಿ ಮತ್ತೆ ಶುರು ಮಾಡಿ ಅಂದಳು. ಅದನ್ನೂ ಮಾಡಿದ್ದಾಯಿತು, ಅಪ್ಪನ ಕಟ್ಟಳೆಯಂತೆಯೇ, ಎಲ್ಲ ಬಿಚ್ಚಿ, ಎಲ್ಲ ಜೋಡಿಸಿ, ಮೇನು ಕೊನೆಗೆ. ಕಾರ್ಡೇ ಸತ್ತಿರಬೇಕು, ಹೊಸದು ತರುತ್ತೇನೆ, ಭಾನುವಾರ ಬರುತ್ತೇನೆ ಅಂದಳು ಸಾಯಿಮಾ. ಶಿಬಿರ ಶನಿವಾರ, ಆಟೊ ಹೊರಡುವುದು ಇವತ್ತು. ಕುಲಸುಮಬಿ ಫೋನು ಹಿಡಿದೇ ಗಾದಿಯ ಮೇಲೆ ಕೂತುಬಿಟ್ಟಳು. ಅಳು ಬರುವಂತಿತ್ತು, ಅತ್ತೆಯ ಎದುರು ಬೇಡವೆಂದು ತಡೆದುಕೊಂಡಳು.

ಬಾಗಿಲಲ್ಲಿ ಜನ್ನತಬಿಯ ಕೈ ಅರಳೆಯ ಮೇಲೆ ನಿಂತಿತ್ತು.

“ಆ ಆಟೊ ಹುಡುಗ ಬಂದಾಗ ಹಿಂಗ ಮಾಡಿದ್ದಿಲ್ಲಲ್ಲ,” ಅಂದಳು ಮುದುಕಿ. “ಅವಾ ಮಾಡಿದಾಗ ಮೊದಲ ಪೆಟ್ಟಿಗಿ ಟುಂಯ್ ಅಂತು. ಆಮ್ಯಾಲ ಟಕ್ಕಂತ ಏನೋ ಚುಚ್ಚಿದಾ. ಸಾಯಿಮಾನೂ ಹಂಗ ಮಾಡಿದ್ಲು. ನೀ ಮೊದಲ ಚುಚ್ಚತಿ, ಆಮ್ಯಾಲ ಟುಂಯ್ ಅನಸ್ತಿ.”

ಕುಲಸುಮಬಿಗೆ ಮೊದಲು ಸಿಟ್ಟೇ ಬಂತು. ಟುಂಯ್ ಮೊದಲೋ ಟಕ್ ಮೊದಲೋ, ಅದರಿಂದ ಏನಾಗುತ್ತದೆ ಎಂದು ಬಾಯಿಗೆ ಬಂದ ಮಾತು ನುಂಗಿದಳು. ಫೋನು ಇನ್ನೂ ಕಿವಿಯಲ್ಲೇ ಇತ್ತು, ಸಾಯಿಮಾ ಇಟ್ಟಿರಲಿಲ್ಲ. ಅತ್ತೆ ಹೀಗೆನ್ನುತ್ತಾರೆ ನೋಡು ಎಂದು ಅರ್ಧ ಚಾಡಿಯಂತೆಯೇ ಹೇಳಿದಳು. ಅದನ್ನು ಕೇಳಿ ಸಾಯಿಮಾ, ಯಂತ್ರದೊಳಗಿನ ಕಾರ್ಡುಗಳ ಪಟ್ಟಿಯನ್ನು ತೆಗೆದು ಓದಿ ಅಂದಳು. ಕುಲಸುಮಬಿ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಸೊನ್ನೆಯ ಎದುರು ಯುಎಸ್‌ಬಿ ಕಾರ್ಡು, ಒಂದರ ಎದುರು ಯಂತ್ರದ ಸ್ವಂತದ್ದು.

“ಚಿಗವ್ವಾ, ಕಾರ್ಡ ಸತ್ತಿಲ್ಲ, ತಪ್ಪು ನಂದ ಐತಿ,” ಅಂದಳು ಸಾಯಿಮಾ. “ಅದು ರೇಷನ್ ಅಂಗಡಿ ಪಾಳಿ ಇದ್ದಂಗ. ಯಾರು ಮೊದಲ ಬಂದು ನಿಲ್ತಾರ ಅವರಿಗೆ ಮೊದಲ ನಂಬರ. ಯಂತ್ರ ಎದ್ದ ಮ್ಯಾಲ ಕಾರ್ಡ ಚುಚ್ಚಿದ್ರ ಅದು ಹಿಂದ ನಿಲ್ತೈತಿ. ನಾ ಯಂತ್ರಕ್ಕ ಹಿಂದಿನ ನಂಬರಿನವನ ಮಾತು ಕೇಳು ಅಂತ ಬರದಿಟ್ಟೇನಿ. ನೀವು ಮೊದಲ ಚುಚ್ಚಿ ಮೇನ್ ಹಾಕತೀರಿ, ಅದು ಓಡಿ ಬಂದು ಎಲ್ಲಾರ್ಕಿಂತ ಮುಂದ ನಿಲ್ತೈತಿ. ಆ ಪೆಟ್ಟಿಗಿ, ಹಿಂದ ನಿಂತಿರೋ ಕೆಟ್ಟ ತೂತಿನ ಮಾತು ಕೇಳ್ಕೊಂತ ಕುಂತೈತಿ.”

ಕುಲಸುಮಬಿಗೆ ಆದ ಹಗುರ ಹೇಳತೀರದು. ಕೈಗುಣವೂ ಇಲ್ಲ, ಅರಳೆಯೂ ಇಲ್ಲ. ಮೈಕ್‌ಸೆಟ್ಟಿನವನ ಮಗಳಲ್ಲದೆ ಬೇರೆ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ, ಎಲ್ಲರೂ ಯಂತ್ರ ಹಚ್ಚಿದ ಮೇಲೆ ತಾನೇ ಬೇಕಾದ್ದು ಚುಚ್ಚುವುದು. ಕಿತ್ತು ಚುಚ್ಚಿದರೂ ಯಾಕೆ ಬರಲಿಲ್ಲ ಎಂದು ಕೇಳಿದಳು. ಮುಂದಿನವನು ಹೊರಗೆ ಹೋಗಿ ಬಂದರೆ ಅವನ ಜಾಗ ಖಾಲಿಯೇ ಇರುತ್ತದೆ, ಮತ್ತೆ ಅಲ್ಲೇ ನಿಲ್ಲುತ್ತಾನೆ ಎಂದು ಸಾಯಿಮಾ ವಿವರಿಸಿದಳು. ಈಗ ಸುಲಭದ ದಾರಿಯೆಂದರೆ ಕಾರ್ಡು ಕಿತ್ತಿಟ್ಟು, ಯಂತ್ರ ಎಬ್ಬಿಸಿ, ಆಮೇಲೆ ಚುಚ್ಚುವುದು, ಇನ್ನು ಮೇಲೂ ಹಾಗೇ ಮಾಡಿ ಅಂದಳು. ಅದಕ್ಕೆ ಕುಲಸುಮಬಿ ಒಪ್ಪಲಿಲ್ಲ. ಹೊತ್ತು ಏರುತ್ತಿತ್ತು, ಆದರೂ ಒಪ್ಪಲಿಲ್ಲ. ಮೇನು ಮೊದಲು ಹಾಕುವುದು ತನ್ನ ಕೈಗೆ ಬರುವುದಿಲ್ಲ, ಇವತ್ತು ಮಾಡಿದರೂ ನಾಳೆ ಕೈ ತನ್ನ ಹಾದಿಯನ್ನೇ ಹಿಡಿಯುತ್ತದೆ, ಯಂತ್ರಕ್ಕೇ ಬುದ್ಧಿ ಹೇಳುವ ದಾರಿ ಇದ್ದರೆ ಹೇಳು ಅಂದಳು.

ದಾರಿ ಇತ್ತು. ನಂಬರು ಅಳಿಸಿ ಅಲ್ಲಿ ಕಾರ್ಡಿನ ಹೆಸರು ಬರೆಯುವುದು. ಹೆಸರು ಹಿಡಿದು ಕರೆದರೆ ಮುಂದೆ ನಿಂತಿರಲಿ, ಹಿಂದೆ ನಿಂತಿರಲಿ, ಕರೆದವನೇ ಬರುತ್ತಾನೆ. ‘ದನಿ’ ಚಿತ್ರದ ಹಿಂದಿದ್ದ ಬರಹವನ್ನು ಸಾಯಿಮಾ ತೆಗೆಸಿದಳು. ಕುಲಸುಮಬಿ ಒಂದೇ ಬೆರಳಲ್ಲಿ ಕೀಲಿ ಹುಡುಕಿ ಹುಡುಕಿ ಒತ್ತಿದಳು, ಒತ್ತಿದ್ದನ್ನು ಓದಿ ಹೇಳಿದಳು, ಒಂದೆಡೆ ತಪ್ಪಿತ್ತು, ಅಳಿಸಿ ಬರೆದಳು. ಉಳಿಸಿ, ಯಂತ್ರ ಬಂದ್ ಮಾಡಿ, ಎಲ್ಲ ವೈರು ಬಿಚ್ಚಿ, ಎಲ್ಲ ಜೋಡಿಸಿ, ಮೇನು ಹಾಕಿದಳು. ಟುಂಯ್. ‘ದನಿ’ ಒತ್ತಿ ಹಲೋ ಅಂದಳು. ಹಸಿರು ಗೆರೆ ಎದ್ದು ಕುಣಿಯಿತು.

ಅವಳು ಇನ್ನೊಮ್ಮೆ ಹಲೋ ಅಂದಳು, ಸುಮ್ಮನೆ, ಗೆರೆ ಏಳುವುದನ್ನು ನೋಡಲು. ಮುಂದಿನ ಕೋಣೆಗೆ ಕೂಗಿ ಮಷಿನ್ ಬಂದ್ ಮಾಡಿಸಿದಳು. ಇನ್ನು ಸ್ವಲ್ಪದರಲ್ಲೇ ಮಧ್ಯಾಹ್ನದ ಅಜಾನ್ ಆಗುವುದಿತ್ತು. ಮಸೀದಿ ಓಣಿಯ ತುದಿಯಲ್ಲೇ ಇದೆ, ಆ ದನಿಯನ್ನು ಎಷ್ಟು ಗಾದಿ ಒಟ್ಟಿದರೂ ತಡೆಯಲಾಗದು. ಅಷ್ಟರೊಳಗೆ ಮುಗಿಯಬೇಕು. ಅತ್ತೆಯನ್ನು ಎಬ್ಬಿಸಿ ಹೊರಗೆ ಕೂಡಿಸಲೂ ಹೊತ್ತಿರಲಿಲ್ಲ. ಸದ್ದು ಮಾಡಬೇಡಿ ಎಂದು ಹೇಳಿ, ಅವಳನ್ನು ತುಸು ಒಳಕ್ಕೆ ಸರಿಸಿ ಬಾಗಿಲು ಎಳೆದುಕೊಂಡಳು.

ಮಾತಾಡುವಾಗ ಕುಲಸುಮಬಿಗೆ ಎದುರಿಗೆ ಒಂದು ಮುಖ ಬೇಕು. ಮೈಕಿಗೆ ಮಾತಾಡೆಂದರೆ ಅವಳಿಂದ ಆಗದು. ಸೀರೆಯ ಸುದ್ದಿಗೆ ಒಬ್ಬಳನ್ನು, ನೀರಿನ ಸುದ್ದಿಗೆ ಇನ್ನೊಬ್ಬಳನ್ನು ಮನಸ್ಸಿನಲ್ಲೇ ಎದುರಿಗೆ ಕೂಡಿಸಿಕೊಳ್ಳುತ್ತಿದ್ದಳು. ಇಂದು ಯಾರನ್ನೂ ನೆನೆಯಬೇಕಾಗಲಿಲ್ಲ. ಗಾದಿಗೆ ಒರಗಿ ಕೂತ ಅತ್ತೆಯ ಹಾಲು ಬಣ್ಣಕ್ಕೆ ತಿರುಗಿದ ಎರಡು ಕಣ್ಣು ಸರಿಯಾಗಿ ಅವಳ ದನಿಯ ಕಡೆಗೇ ತಿರುಗಿದ್ದವು. ಕುಲಸುಮಬಿ ಅವಳಿಗೇ ಹೇಳತೊಡಗಿದಳು. ಹಿರೇರ, ಅಜ್ಜಾರ, ಅವ್ವಾರ, ಕಣ್ಣು ಮಂಜಾಗಿ ಎಷ್ಟು ದಿನ ಆತ್ರಿ, ಮೊಮ್ಮಕ್ಕಳ ಮುಖ ಕಂಡು ಎಷ್ಟು ದಿನ ಆತ್ರಿ ಎಂದು ಶುರು ಮಾಡಿ, ಶಿಬಿರ ಎಲ್ಲಿ, ಯಾವಾಗ, ಏನು ತರಬೇಕು, ಎಲ್ಲ ಹೇಳಿದಳು. ನೋಯುವುದಿಲ್ಲ ಎಂದಳು. ಊಟ ಅಲ್ಲೇ ಎಂದಳು. ಅಂಜಬ್ಯಾಡ್ರಿ, ಶನಿವಾರ ರಟ್ಟೀಹಳ್ಳಿಗೆ ಬರ್ರಿ ಎಂದು ಮುಗಿಸುವುದರಲ್ಲಿದ್ದಳು.

“ನನ್ನ ಯಾರು ಕರಕೊಂಡು ಹೊಕ್ಕಾರ?” ಅಂದಳು ಜನ್ನತಬಿ.

ಮೆಲ್ಲಗೇ ಅಂದದ್ದು. ಹಸಿರು ಗೆರೆ ಅವಳ ಮಾತಿಗೂ ಎದ್ದಿತು.

ಕುಲಸುಮಬಿಗೆ ಈಗ ತಿಳಿಯಿತು. ಬಿಸಿಲೂ ಸುಳ್ಳು, ಮಳೆಯೂ ಸುಳ್ಳು, ನೋಡುವುದೆಲ್ಲ ನೋಡಿಯಾಗಿದೆ ಎಂದದ್ದೂ ಸುಳ್ಳು. ಇಷ್ಟು ವರ್ಷ ತಾನು ಹೋಗಿ ಬನ್ನಿ ಎಂದದ್ದೇ ಎಂದದ್ದು, ಜತೆಗೆ ಬರುತ್ತೇನೆ ಎಂದು ಒಮ್ಮೆಯೂ ಅಂದಿರಲಿಲ್ಲ. ಗಂಡ ಕರೆದೊಯ್ದಾನು ಎಂದು ಇವಳು, ಹೆಂಡತಿ ನೋಡಿಕೊಂಡಾಳು ಎಂದು ಅವನು. ಕಣ್ಣು ಕಾಣದ ಮುದುಕಿ ಗೊತ್ತಿಲ್ಲದ ಊರಿಗೆ ಬಸ್ಸು ಬದಲಿಸಿ ಒಬ್ಬಳೇ ಹೇಗೆ ಹೋಗಿಯಾಳು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಅದನ್ನು ಬಾಯಿಬಿಟ್ಟು ಕೇಳಲು ಅತ್ತೆಗೆ ನಾಚಿಕೆ. ಇಂದು ಆಟೊದವಳು ಎಲ್ಲರನ್ನೂ ಮರ್ಯಾದೆಯಿಂದ ಕರೆದಳಲ್ಲ, ಆ ದನಿಯ ಹತ್ತಿರ ಕೇಳಿಬಿಟ್ಟಳು. ಕುಲಸುಮಬಿಗೆ ತನ್ನ ಮೇಲೆಯೇ ನಾಚಿಕೆಯಾಯಿತು, ಅತ್ತೆಯ ಮೇಲೆ ಹಿಂದೆಂದೂ ಬಾರದಷ್ಟು ಮಮತೆ ಬಂತು.

“ನಾ ಕರಕೊಂಡು ಹೊಕ್ಕೇನ್ರಿ ಯವ್ವಾ,” ಅಂದಳು. “ಆಪರೇಶನ್ ಮುಗಿಯೂ ಮಟ ಬಾಗಲದಾಗ ಕುಂತಿರ್ತೇನಿ. ಪಟ್ಟಿ ಬಿಚ್ಚಿದ ಮ್ಯಾಲ ಕೂಡೇ ಬರೂಣ್ರಿ.”

“ಹಂಗಂದ್ರ ಬರ್ತೇನಿ,” ಅಂದಳು ಜನ್ನತಬಿ, ಮತ್ತೆ ಅರಳೆಗೆ ಕೈ ಹಾಕಿದಳು.

ಅಷ್ಟರಲ್ಲಿ ಅಜಾನ್ ಎದ್ದಿತು. ಕುಲಸುಮಬಿ ಗುಂಡಿ ಒತ್ತಿ ರೆಕಾರ್ಡು ನಿಲ್ಲಿಸಿದಳು. ಇನ್ನೊಮ್ಮೆ ಮೊದಲಿಂದ ಮಾಡಲು ಹೊತ್ತಿರಲಿಲ್ಲ. ಅಜಾನ್ ಮುಗಿಯುವವರೆಗೆ ಸೆರಗು ಹೊದ್ದು ಸುಮ್ಮನೆ ಕೂತು, ಇದ್ದದ್ದನ್ನು ಇದ್ದಂತೆಯೇ ಪ್ರಶಾಂತನಿಗೆ ಕಳಿಸಿದಳು. ಕೊನೆಗೆ ಅತ್ತೆಯ ಮಾತು ಸೇರಿದೆ, ಕತ್ತರಿಸಿಕೊಳ್ಳಿ ಎಂದು ಒಂದು ಸಾಲು ಬರೆದಳು. ಬಾಗಿಲು ತೆರೆದರೆ ಹೊರಗೆ ಮಲ್ಲಿಕಸಾಬ ನಿಂತಿದ್ದ, ಕೈಯಲ್ಲಿದ್ದ ಬೀಡಿಗೆ ಬೆಂಕಿಯನ್ನೇ ಹಚ್ಚಿರಲಿಲ್ಲ. ಶನಿವಾರ ಮಷಿನ್ ಬಂದ್, ಮೂವರೂ ಹೋಗೋಣ ಅಂದ. ಅವನ ಮಟ್ಟಿಗೆ ಅದು ಬಹಳ ದೊಡ್ಡ ಮಾತು.

ಅನ್ನ ಬಸಿಯುವಾಗ ಪ್ರಶಾಂತನ ಫೋನು ಬಂತು. ಕೈ ಹಸಿಯಿದ್ದದ್ದರಿಂದ ಕುಲಸುಮಬಿ ಅದನ್ನು ಎಲ್ಲರಿಗೂ ಕೇಳುವಂತೆ ಹಚ್ಚಿಟ್ಟಳು. ದನಿ ಗಂಟೆ ಹೊಡೆದಷ್ಟು ಸ್ವಚ್ಛವಾಗಿ ಬಂದಿದೆ, ಯಂತ್ರದ ತುಣುಕನ್ನು ಅಳಿಸಿಯಾಯಿತು ಅಂದ. ಆಮೇಲೆ ಕೇಳಿದ.

“ಅಕ್ಕಾರ, ಆ ಅಜ್ಜೀದು ಕತ್ತರಸ್ಲೇನ್ರಿ? ಮಾಸೂರಿನ ಆಟೊ ನಿಂತೈತಿ, ನೀವು ಹೂಂ ಅಂದ್ರ ತಗದು ಬಿಡ್ತೇನಿ.”

ಕುಲಸುಮಬಿ ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಪಡಸಾಲೆಯಿಂದ ಜನ್ನತಬಿಯ ದನಿ ಬಂತು.

“ತಗೀಬ್ಯಾಡ ಅನ್ನು ಅವಂಗ. ನನ್ನಂಗ ಕೇಳಾಕ ನಾಚೂ ಮುದುಕೇರು ಆ ಊರಾಗೂ ಇರ್ತಾರ.”

ಪ್ರಶಾಂತ ಕತ್ತರಿಸಲಿಲ್ಲ.